ಬೇಳೆ ಬೇಯದ ನೀರಿನಲ್ಲಿ ಮೀನಿನ ಮರಿ

ನಾನು ಚಿಕ್ಕವನಿದ್ದಾಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಕೊರಟಗೆರೆ ಕಡೆಯ ನಮ್ಮೂರಿಗೆ ಕುಡಿಯುವ ನೀರು ತಲಪರಿಗೆಯದು. ಮರಳು ನೆಲದ ತಗ್ಗಿನಲ್ಲಿ ತಾನಾಗಿ ಜಿನುಗುವ ಒರತೆಗೆ ಕಲ್ಲು ಕಟ್ಟಿ, ಕಾಲುವೆ ತೆಗೆದು, ಊರವರೇ ಸೇರಿ ಹೂಳು ಎತ್ತಿ ಕಾಪಾಡಿಕೊಂಡು ಬಂದ ಜಾಗ ಅದು. ಮಧುಗಿರಿ, ಶಿರಾ, ಪಾವಗಡದಲ್ಲೂ ಇಂಥವು ಊರೂರಿಗೆ ಇದ್ದವು. ನೀರು ಸಿಹಿ. ಅದರಲ್ಲಿ ಹಿಡಿದ ಬೆರಳುದ್ದದ ಮೀನುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದೆವು. ಎರಡು ದಿನಕ್ಕೆ ಸಾಯುತ್ತಿದ್ದವು. ಮೀನಿನ ಮರಿ ಮಾಡಿಸಬಹುದು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ.

ಮರಿ ಕಾಯುವ ಮೀನನ್ನು ಕಂಡದ್ದು ಕೆರೆಯಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಚಿನ ಕೆಸರಿನ ತುಂಬ ದುಂಡನೆಯ ಗುಂಡಿಗಳು ಕಾಣುತ್ತಿದ್ದವು. ಜಿಲೇಬಿ ಮೀನಿನ ಗಂಡು ಬಾಯಿಂದ ತೋಡಿದ ಗೂಡುಗಳವು. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಬಾಯಿಗೆ ತುಂಬಿಕೊಂಡು ಹೋಗುತ್ತದೆ. ಮರಿಗಳು ಹೊರಬಂದ ಮೇಲೂ ನಮ್ಮ ನೆರಳು ಬಿದ್ದರೆ ಗುಂಪಾಗಿ ತಾಯಿಯ ಬಾಯಿಗೆ ನುಗ್ಗುತ್ತಿದ್ದವು. ತಾಯಿ ಮರಿಗಳನ್ನೇ ತಿನ್ನುತ್ತದೆಂದು ನಾವು ತಿಳಿದಿದ್ದೆವು.

ಜಿಲೇಬಿ ಆಫ್ರಿಕಾದ, ಸಿಕ್ಲಿಡ್ ಕುಟುಂಬದ ಮೀನು. ಮೊಜಾಂಬಿಕ್ ಕಡೆಯ ಈ ಟಿಲಾಪಿಯವನ್ನು 1952ರಲ್ಲಿ ಭಾರತಕ್ಕೆ ತಂದರು, ಬೇಗ ಬೆಳೆಯುವ ಅಗ್ಗದ ಮೀನೆಂದು. ಎರಡು ಮೂರು ತಿಂಗಳಿಗೇ ಮೊಟ್ಟೆ ಇಡಲು ತೊಡಗುವ ಮೀನಿದು. 1959ರಲ್ಲಿ ನಿರ್ಬಂಧ ಹೇರುವ ಹೊತ್ತಿಗೆ ಕೈ ಮೀರಿತ್ತು. ದಕ್ಷಿಣದ ಕೆರೆಗಳಲ್ಲಿ ಅದು ಮರಿಯ ಮೇಲೆ ಮರಿ ಮಾಡಿ, ತಾನೂ ಗಿಡ್ಡವಾಗಿ, ಊರ ಮೀನುಗಳ ಜಾಗ, ಮೇವು ಎರಡನ್ನೂ ಹಿಡಿದುಕೊಂಡಿತು.

ಈಗ ನನ್ನ ಮನೆ ಮಧುಗಿರಿಯಲ್ಲಿ. ನೀರು ಬೋರ್‌ವೆಲ್ಲಿನದು. ಬಿಂದಿಗೆಯ ಒಳಗೆ ಸುಣ್ಣ ಕಟ್ಟುತ್ತದೆ, ಸೋಪಿಗೆ ನೊರೆ ಬರುವುದಿಲ್ಲ, ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು. ಗಾಜಿನ ತೊಟ್ಟಿಗೆ ಆ ನೀರು ಸುರಿಯುವಾಗ ಅಮ್ಮ ಕೇಳಿದ್ದರು: "ಬೇಳೆನೇ ಬೇಯ್ದಿರೋ ನೀರಾಗೆ ಮೀನು ಹೆಂಗಪ್ಪ ಬದುಕ್ತಾವೆ?" ಬದುಕುವಂಥವನ್ನೇ ತಂದಿದ್ದೆ. ಆಫ್ರಿಕಾದ ಮಲಾವಿ ಸರೋವರದ ನೀರು ಕ್ಷಾರದ್ದು, ಪಿಎಚ್ 7.8ರಿಂದ 8.6. ಅಲ್ಲಿನ ಬಂಡೆಗಳ ನಡುವಿನ ಹಳದಿ ಮೀನು ಎಲೆಕ್ಟ್ರಿಕ್ ಯೆಲ್ಲೊ. ನಮ್ಮ ಬೋರಿನ ನೀರು ಆ ಸರೋವರದ್ದಕ್ಕಿಂತಲೂ ಗಡಸು. ಆದರೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ತಳಿಗಳು ಒಗ್ಗಿಕೊಳ್ಳುತ್ತವೆ. ಕ್ಯಾನ್ ನೀರು ಇವಕ್ಕೆ ಬೇಡ.

ಇವೂ ಬಾಯಲ್ಲೇ ಮರಿ ಕಾಯುವವು. ಈ ಬಳಗದ ಗಂಡಿನ ಹಿಂಬದಿಯ ರೆಕ್ಕೆಯ ಮೇಲೆ ಮೊಟ್ಟೆಯಂಥ ಚುಕ್ಕಿಗಳಿರುತ್ತವೆ. ಇಟ್ಟ ಮೊಟ್ಟೆಗಳನ್ನು ಬಾಯಿಗೆ ತುಂಬಿಕೊಂಡ ಹೆಣ್ಣು ಆ ಚುಕ್ಕಿಗಳಿಗೂ ಬಾಯಿ ಹಾಕಿದಾಗ ಬಾಯೊಳಗಿನ ಮೊಟ್ಟೆಗಳು ಫಲಗೊಳ್ಳುತ್ತವೆ ಎಂದು 1962ರಲ್ಲಿ ಪ್ರಾಣಿವಿಜ್ಞಾನಿ ವೋಲ್ಫ್‌ಗಾಂಗ್ ವಿಕ್ಲರ್ ವಿವರಿಸಿದರು. ಗದ್ದ ಉಬ್ಬಿದ ಹೆಣ್ಣು ಸುಮಾರು ಮೂರು ವಾರ ಹೆಚ್ಚುಕಡಿಮೆ ಉಪವಾಸ. ಗಾಬರಿಯಾದರೆ ಮೊಟ್ಟೆ ಉಗುಳುತ್ತದೆ, ಇಲ್ಲವೇ ನುಂಗುತ್ತದೆ. ಆದ್ದರಿಂದ ರಾತ್ರಿ ದೀಪ ಆರಿಸಿ ಮೆಲ್ಲಗೆ ಬೇರೆ ತೊಟ್ಟಿಗೆ ಬಿಡಬೇಕು. ಬಾಯಿ ಬಿಡಿಸಿ ಮರಿ ಕಕ್ಕಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಹೊತ್ತು ಬಂದಾಗ ತಾಯಿಯೇ ಬಿಡುತ್ತದೆ. ಒಂದು ಸೂಲಿಗೆ ಹತ್ತರಿಂದ ಇಪ್ಪತ್ತು ಮರಿ, ಒಂದೊಂದೂ ಸೆಂಟಿಮೀಟರಿನ ಹತ್ತಿರ. ಬಿಟ್ಟ ತಾಯಿಗೆ ಕೆಲವು ದಿನ ಒಂಟಿಯಾಗಿ ಮೇವು ಹಾಕಿ, ಮೈ ತುಂಬಿದ ಮೇಲೆ ದೊಡ್ಡ ತೊಟ್ಟಿಗೆ ಸೇರಿಸಬೇಕು.

ಮರಿಗಳಿಗೆ ಮೇವು ದೊಡ್ಡ ಸಮಸ್ಯೆಯಲ್ಲ. ಪುಡಿ ಮಾಡಿದ ಮೇವನ್ನು ಮೊದಲ ದಿನವೇ ತಿನ್ನುತ್ತವೆ. ಉಪ್ಪುನೀರಿನಲ್ಲಿ ಒಂದು ದಿನಕ್ಕೆ ಮೊಟ್ಟೆಯೊಡೆಯುವ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮರಿ ಕೊಟ್ಟರೆ ಇನ್ನೂ ಚೆನ್ನ. ಬೆಂದ ಮೊಟ್ಟೆಯ ಹಳದಿ ಬೇಡವೇ ಬೇಡ, ನೀರು ಕೆಡುತ್ತದೆ. ನಮ್ಮ ಕಡೆ ನೀರು ಕೆಟ್ಟರೆ ಅಪಾಯ ಹೆಚ್ಚು. ಪಿಎಚ್ ಮೇಲಿದ್ದಷ್ಟೂ, ನೀರು ಬಿಸಿಯಾದಷ್ಟೂ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವಾಗುತ್ತದೆ. ಸ್ವಲ್ಪ ಸ್ವಲ್ಪ ಮೇವು, ಹಳೆಯ ತೊಟ್ಟಿಯಲ್ಲಿ ಪಳಗಿದ ಸ್ಪಂಜ್ ಫಿಲ್ಟರ್, ಸಣ್ಣ ಪೈಪಿನಲ್ಲಿ ತಳದ ಕಸ ಎಳೆದು ಕಾಲು ಭಾಗ ನೀರು ಬದಲಿಸುವುದು. ಅಂಗಡಿಯ ಬಣ್ಣದ ಔಷಧಿ ಬಾಟಲಿಗಳಿಗಿಂತ ಇಷ್ಟೇ ಮರಿಗಳನ್ನು ಉಳಿಸುವುದು. ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಒಂದು ರಾತ್ರಿ ಡ್ರಮ್ಮಿನಲ್ಲಿಟ್ಟು ಗಾಳಿ ಆಡಿಸಿ ಹಾಕಬೇಕು. ಏಪ್ರಿಲ್‌ನಲ್ಲಿ ಕರೆಂಟ್ ಹೋದೀತೆಂದು ಬ್ಯಾಟರಿ ಪಂಪ್ ಇರಲೇಬೇಕು.

ಆಫ್ರಿಕಾದ ಮೀನು ನನ್ನ ಮನೆಯಲ್ಲಿ ಮರಿ ಹಾಕಿತು ಎಂದು ನೋಡಲು ಬರುವವರು ಹೊಗಳುತ್ತಾರೆ. ಮರಿಗಳ ಮೇಲೆ ನನಗೆ ಪ್ರೀತಿ ಇದೆ, ನೀರಿನ ಬಗ್ಗೆ ಹೆಮ್ಮೆ ಇಲ್ಲ. ಜಯಮಂಗಲಿ ಹೊಳೆಯ ಮರಳು ಹೋಗಿ, ಬೋರ್‌ವೆಲ್‌ಗಳು ಆಳಕ್ಕಿಳಿದು, ತಲಪರಿಗೆಗಳು ಬತ್ತಿದ ಮೇಲೆ ಬಂಡೆಯ ಸಂದಿಯಿಂದ ಎತ್ತಿದ ನೀರಿದು. ಪಾವಗಡದಲ್ಲಿ ಇದೇ ಆಳದ ನೀರಿನ ಫ್ಲೋರೈಡ್ ಜನರ ಹಲ್ಲು, ಮೂಳೆ ಕೆಡಿಸಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ನಾವು ಹಿಡಿದಿಟ್ಟ ಸಣ್ಣ ಮೀನುಗಳನ್ನು ಹುಡುಕಿದರೆ ನಮ್ಮೂರ ಸುತ್ತ ಈಗ ಸಿಗುವುದಿಲ್ಲ.

ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹೇಮಾವತಿ ನದಿಯ ನೀರು ಬರುತ್ತಿದೆ. ಅಲ್ಲಲ್ಲಿ ತಲಪರಿಗೆಗಳ ಹೂಳು ತೆಗೆಯುವ ಕೆಲಸವೂ ನಡೆದಿದೆ. ಆ ನೀರು ಊರ ಮೀನುಗಳಿಗೇ ಉಳಿಯಲೆಂದು ಮೀನು ಸಾಕುವ ಗೆಳೆಯರಲ್ಲಿ ಒಂದು ಕೋರಿಕೆ. ಮರಿ ಹೆಚ್ಚಾದರೆ ಗೊತ್ತಿದ್ದವರಿಗೆ ಕೊಡಿ, ಅಂಗಡಿಗೆ ಹಿಂತಿರುಗಿಸಿ. ಅದೂ ಆಗದಿದ್ದರೆ ಮುಂದಿನ ಸಲ ಹೆಣ್ಣನ್ನು ಬೇರೆ ಮಾಡಬೇಡಿ; ದೊಡ್ಡ ತೊಟ್ಟಿಯಲ್ಲಿ ಉಳಿಯುವಷ್ಟು ಮರಿ ಉಳಿಯುತ್ತವೆ. ಕೆರೆಗೂ ತಲಪರಿಗೆಗೂ ಒಂದನ್ನೂ ಬಿಡಬೇಡಿ.