ಹೊರಗಿನವನು ಅಂದರೆ ಯಾರು?

ಹೋದ ವರ್ಷ ಆವನಿಯ ಟೀ ಅಂಗಡಿಯಲ್ಲಿ ಐದಾರು ಜನ ಒಂದೇ ಫೋನಿಗೆ ಕಣ್ಣಿಟ್ಟು ಪ್ರೊ ಕಬಡ್ಡಿ ನೋಡುತ್ತಿದ್ದೆವು. ಬೆಂಗಳೂರು ಬುಲ್ಸ್ ಪರ ರೈಡಿಗೆ ಹೋದವನು ಇರಾನಿನ ಅಲಿರೇಜಾ ಮಿರ್ಜಾಯಿಯನ್. ಪಾಯಿಂಟ್ ತಂದಾಗ ‘ನಮ್ಮೋನು!’ ಎಂದು ಕೂಗಿದೆವು. ಔಟಾದಾಗ ‘ನಮ್ಮ ಮಣ್ಣಿನ ಆಟ ಅವನಿಗೇನು ಗೊತ್ತು’ ಅಂದವರೂ ನಾವೇ.

ಗೊತ್ತಿಲ್ಲದೆ ಏನು? 1990ರಿಂದ ಏಷ್ಯನ್ ಗೇಮ್ಸಿನಲ್ಲಿ ಪುರುಷರ ಕಬಡ್ಡಿ ಚಿನ್ನ ನಮ್ಮದೇ ಆಗಿತ್ತು. 2018ರಲ್ಲಿ ಜಕಾರ್ತಾದ ಸೆಮಿಫೈನಲಿನಲ್ಲಿ 27-18ರಿಂದ ನಮ್ಮನ್ನು ಕೆಡವಿದ್ದು ಇದೇ ಇರಾನ್.

ಜಪಾನಿನವರದ್ದೂ ಇದೇ ಪಾಡು. ಅಲ್ಲಿನ ಸುಮೋ ಕುಸ್ತಿಯಲ್ಲಿ ಒಂದು ಗರಡಿಗೆ ಒಬ್ಬನೇ ವಿದೇಶಿ. ಪೌರತ್ವ ಪಡೆದರೂ ಹೊರದೇಶದಲ್ಲಿ ಹುಟ್ಟಿದವನು ಲೆಕ್ಕಕ್ಕೆ ವಿದೇಶಿಯೇ ಆಗಿದ್ದ ಕಾಲವೂ ಇತ್ತು. ಮಂಗೋಲಿಯಾದ ಹಕುಹೊ 45 ಟೂರ್ನಿ ಗೆದ್ದ, ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ. ಆದರೂ ಗರಡಿಯ ಗುರುವಾಗಬೇಕೆಂದರೆ ಜಪಾನ್ ಪೌರನಾಗಲೇಬೇಕು. 2019ರಲ್ಲಿ ಆದ.

ಅವರನ್ನು ಅನ್ನಲು ನಮಗೆ ಬಾಯಿಲ್ಲ ಬಿಡಿ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕಬಡ್ಡಿ ಟೂರ್ನಮೆಂಟಿನಲ್ಲಿ, ಗಡಿಯಾಚೆ ಆಂಧ್ರದ ಇಬ್ಬರು ಹುಡುಗರು ಆಡಿದರೆಂದು ಗೆದ್ದ ತಂಡಕ್ಕೆ ಬಹುಮಾನ ತಡೆದರು. ‘ಹೊರಗಿನವರ ಬಲದಿಂದ ಗೆಲುವು’ ಎಂದು ಪೇಪರಿಗೆ ಸುದ್ದಿ ಕಳಿಸಿದವರು ನಾವು. ಮಾರನೇ ದಿನ ಅವರಲ್ಲೊಬ್ಬ ಫೋನ್ ಮಾಡಿದ. ನಮ್ಮ ಮನೆಯಲ್ಲಿ ಅಜ್ಜಿ ಆಡುವ ಅದೇ ತೆಲುಗು.

‘ಅಣ್ಣಾ, ಮಾ ಅಮ್ಮದಿ ಮೀ ಊರೇ ಕದಾ?’

ಅವನ ತಾಯಿಯ ತವರು ಆವನಿ. ವಿಚಾರಿಸಿದರೆ ನಮ್ಮ ಬೀದಿಯ ಹಿಂದಿನ ಬೀದಿ. ಆ ಸುದ್ದಿಗೆ ತಿದ್ದುಪಡಿ ನಾವು ಇವತ್ತಿಗೂ ಕಳಿಸಿಲ್ಲ.