ಮಿರಜದ ತಂಬೂರಿ ಓಣಿಯಲ್ಲಿ

ಹುಬ್ಬಳ್ಳಿಯಿಂದ ಮಿರಜಕ್ಕೆ ಹೊರಟ ರೈಲಿನಲ್ಲಿ ಕಳೆದ ಶ್ರಾವಣ ನಾವು ದಂಪತಿಗಳು ಮೂರು ಆಸನ ಹಿಡಿದಿದ್ದೆವು. ಮೂರನೆಯದು ತಂಬೂರಿಗೆ. ಎರಡು ಕೌದಿಗಳಲ್ಲಿ ಸುತ್ತಿದ ಅದರ ಬುರುಡೆಯನ್ನು ನಮ್ಮ ಮನೆಯವರು ಹಸುಗೂಸಿನಂತೆ ತಬ್ಬಿ ಕುಳಿತಿದ್ದರು. ಬೆಳಗಾವಿ, ಘಟಪ್ರಭಾ, ರಾಯಬಾಗ ಹಿಂದಾಗಿ, ಕುಡಚಿಯ ಆಚೆಗಿನ ಸೇತುವೆಯ ಕೆಳಗೆ ತುಂಬಿ ಹರಿಯುವ ಕೃಷ್ಣೆಯನ್ನು ಕಂಡಾಗಲೂ ಅವರ ಕೈ ಸಡಿಲಲಿಲ್ಲ.

ಆ ತಂಬೂರಿ ನಮ್ಮ ಮಾತೋಶ್ರೀಯವರದು. ಅದರ ಶ್ರುತಿಯಲ್ಲಿ ಅವರು ಪ್ರತಿ ಸಂಜೆ ವಚನಗಳನ್ನು ಹಾಡುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ, ಅಮೇರಿಕೆಯ ಮಿಶಿಗನ್ ಪ್ರಾಂತದಲ್ಲಿ ನೆಲೆಸಿದ ನಮ್ಮ ಮಗಳು ತನ್ನ ಮಕ್ಕಳಿಗೂ ವಚನ ಕಲಿಸುವ ಆಸೆಯಿಂದ ಅದನ್ನು ಕೊಂಡೊಯ್ದಳು. ಮೊದಲ ಚಳಿಗಾಲದಲ್ಲಿಯೇ ಒಂದು ನಡುರಾತ್ರಿ ಕೊಂಬೆ ಮುರಿದಂತಹ ಸದ್ದಾಯಿತಂತೆ. ಬೆಳಗ್ಗೆ ನೋಡಿದರೆ ಬುರುಡೆಯ ಮೇಲಿನ ಹಲಗೆ, ಅಂದರೆ ತಬಲಿ, ಗೇಣುದ್ದ ಸೀಳಿತ್ತು. ಬೇಸಿಗೆಯ ರಜೆಯಲ್ಲಿ ಅವಳು ಅದನ್ನು ಅಳುತ್ತಲೇ ತಂದೊಪ್ಪಿಸಿದಳು.

ಹಿಮ ಬೀಳುವ ನಾಡಿನಲ್ಲಿ ಮರ ಒಣಗುವುದೆಂತು ಎಂದು ನಮಗೂ ಸೋಜಿಗವಾಗಿತ್ತು. ಕಾರಣ ಸರಳವಾದುದು. ತಣ್ಣನೆಯ ಗಾಳಿಯು ಬಹು ಸ್ವಲ್ಪ ತೇವವನ್ನೇ ಹೊರಬಲ್ಲದು. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಗಾಳಿಯನ್ನು ಮನೆಯೊಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ನೂರಕ್ಕೆ 15ಕ್ಕಿಂತಲೂ ಕೆಳಗಿಳಿಯುತ್ತದೆ. ಇಂತಹ ಗಾಳಿ ಮರದ ಪಸೆಯನ್ನು ಹೀರಿಬಿಡುತ್ತದೆ. ಮರ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಅಂಚುಗಳಲ್ಲಿ ಸರೇಸಿನಿಂದ ಬಿಗಿದ ತೆಳು ಹಲಗೆಗೆ ಕುಗ್ಗಲು ಎಡೆಯೆಲ್ಲಿ? ಎಳೆಯಗುಂಟ ಸೀಳುವುದೊಂದೇ ದಾರಿ.

ಮಿರಜದ ದರ್ಗಾದ ಸಮೀಪದ ಓಣಿಯಲ್ಲಿ ಸಿತಾರ, ತಂಬೂರಿಗಳ ಅಂಗಡಿಗಳು ಒಂದಕ್ಕೊಂದು ಒತ್ತಿ ನಿಂತಿವೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು 19ನೆಯ ಶತಮಾನದ ನಡುವಿನಲ್ಲಿ ಆರಂಭಿಸಿದ ಕಸುಬಿದು. 2024ರಲ್ಲಿ ಇಲ್ಲಿಯ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನರ ಸಮಾಧಿ ಈ ದರ್ಗಾದ ಆವರಣದಲ್ಲಿಯೇ ಇದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರೆಂಬುದನ್ನು ನೆನೆದು ಅಲ್ಲಿ ಕ್ಷಣಕಾಲ ನಿಂತೆವು. ಅಟ್ಟದಿಂದ ತೂಗುಬಿದ್ದ ದೊಡ್ಡ ದೊಡ್ಡ ಬುರುಡೆಗಳು ಎಲ್ಲಿಯವೆಂದು ಕೇಳಿದರೆ, ಪಂಢರಪುರ, ಮಂಗಳವೇಢೆಯ ಸೀಮೆಯವು ಎಂದರು. ಬಸವಣ್ಣನವರು ಕಲ್ಯಾಣಕ್ಕೆ ಮುನ್ನ ಇದ್ದ ಮಂಗಳವಾಡದ ಮಣ್ಣಿನ ಕಾಯಿ ನಮ್ಮ ತಂಬೂರಿಯ ಹೊಟ್ಟೆಯಾಗಿರಬಹುದೆಂಬ ವಿಚಾರ ನಮಗೆ ಅದುವರೆಗೂ ಹೊಳೆದಿರಲಿಲ್ಲ!

ವೃದ್ಧ ಕುಶಲಕರ್ಮಿಯೊಬ್ಬರು ತುನ್ ಮರದ ತಬಲಿಯ ಮೇಲೆ ಬೆರಳಾಡಿಸಿ ಮೊದಲು ಕೇಳಿದ ಮಾತು, “ಎಣ್ಣೆ ಯಾರು ಹಚ್ಚಿದರು?” ನಾವು ತಲೆ ತಗ್ಗಿಸಿದೆವು. ಫೋನಿನಲ್ಲಿ ಮಗಳಿಗೆ ಕೊಬ್ಬರಿ ಎಣ್ಣೆಯ ಉಪಾಯ ಹೇಳಿದವರು ನಾವೇ. ಎಣ್ಣೆ ಕುಡಿದ ಸೀಳಿಗೆ ಸರೇಸು ಹಿಡಿಯುವುದಿಲ್ಲವಂತೆ. ಅದನ್ನು ತೆಗೆಯುವುದಕ್ಕೇ ಎರಡು ದಿನದ ಕೆಲಸವೆಂದರು.

ಇನ್ನುಳಿದ ಬಿರುಕನ್ನು ಅಂದೇ ತುಂಬಿ ಕೊಡಬಹುದೆಂದು ನಾವು ಎಣಿಸಿದ್ದೆವು. ಅವರು ಒಪ್ಪಲಿಲ್ಲ. ಒಣಗಿ ಬಾಯ್ದೆರೆದ ಮರಕ್ಕೆ ಆಗಲೇ ಚಕ್ಕೆ ತುಂಬಿದರೆ, ಮುಂದೆ ಅದು ತೇವ ಪಡೆದು ಹಿಗ್ಗುವಾಗ ಆ ಚಕ್ಕೆಯೇ ಬೆಣೆಯಾಗಿ ಮತ್ತೊಂದೆಡೆ ಸೀಳುತ್ತದೆ. ಆದುದರಿಂದ ತಂತಿ ಸಡಿಲಿಸಿ ಒಳಕೋಣೆಯಲ್ಲಿ ತೂಗುಹಾಕಿದರು. ಹದಿನೈದು ದಿನಗಳ ತರುವಾಯ ಮತ್ತೆ ಹೋದಾಗ ಸೀಳು ತಾನಾಗಿಯೇ ಕೂದಲೆಳೆಯಷ್ಟಾಗಿತ್ತು. ಆಮೇಲಷ್ಟೇ ಸರೇಸಿನ ಪಾತ್ರೆ ಒಲೆಯೇರಿತು.

ಮರಕ್ಕೆ ನೀರು ಕುಡಿಸಬೇಡಿ, ಅದರ ಸುತ್ತಲಿನ ಗಾಳಿಗೆ ಕುಡಿಸಿ ಎಂಬುದು ಅವರ ಉಪದೇಶ. ಆರ್ದ್ರತೆಯು ನೂರಕ್ಕೆ 45ರಿಂದ 55ರವರೆಗಿದ್ದರೆ ವಾದ್ಯ ಸುಖವಾಗಿರುತ್ತದೆ. ಅದನ್ನು ತೋರಿಸುವ ಅಂಗೈಯಗಲದ ಹೈಗ್ರೋಮೀಟರು ಈಗ ಅಗ್ಗವಾಗಿಯೇ ಸಿಗುತ್ತದೆ. ಚಳಿನಾಡಿನ ಮನೆಯಲ್ಲಿ ಕೋಣೆಗೊಂದು ತೇವಯಂತ್ರ ಬೇಕು. ವಾದ್ಯದ ಪೆಟ್ಟಿಗೆಯೊಳಗೆ, ತೂತು ಕೊರೆದ ಸಾಬೂನಿನ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಇಡಬಹುದು. ಅದರಿಂದ ಹನಿ ತೊಟ್ಟಿಕ್ಕಬಾರದು, ಮರಕ್ಕೆ ತಾಗಬಾರದು. ನಮ್ಮ ಧಾರವಾಡದ ಕಡೆ ಏಪ್ರಿಲ್ ಬಿಸಿಲಿಗೂ ಇದೇ ಉಪಾಯ ಸಾಕು. ಆದರೆ ಮಳೆಗಾಲದಲ್ಲಿ ಸ್ಪಂಜನ್ನು ಮರೆಯದೆ ತೆಗೆಯಬೇಕು. ಆಗ ಕುಂಟಿಗಳು ಉಬ್ಬಿ ಕಚ್ಚಿಕೊಳ್ಳುತ್ತವೆ, ಸರೇಸು ಮೆದುವಾಗುತ್ತದೆ, ಗವಸಣಿಗೆಗೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ಆನಿಸಿಡುವ ರೂಢಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ, ಅದು ಸಲ್ಲದು.

ತಂಬೂರಿಯನ್ನು ಮತ್ತೆ ಕಡಲಾಚೆ ಕಳಿಸುವ ಕುರಿತು ಮನೆಯಲ್ಲಿ ವಾದವೇ ನಡೆಯಿತು. ಗೋಡೆಗೆ ತೂಗಿಟ್ಟರೆ ಸುರಕ್ಷಿತವೇನೋ ಹೌದು, ಹಾಡುವವರು ಮಾತ್ರ ಇಲ್ಲಿ ಯಾರೂ ಇಲ್ಲ. ದೀಪಾವಳಿಗೆ ಬಂದಿದ್ದ ಅಳಿಯಂದಿರು, ತಂತಿಗಳನ್ನು ಸಡಿಲಿಸಿ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದರು. ಈಗ ಪ್ರತಿ ಭಾನುವಾರ ಮೊಮ್ಮಗಳ ಫೋನು ಬರುತ್ತದೆ. ಕುಶಲ ಕೇಳುವುದಕ್ಕೂ ಮುನ್ನ ಅವಳು ಹೇಳುವುದು, “ತಾತಾ, ಇವತ್ತು 46.”