ತಿರುಗಿ ಬಂದ ಚೀಟಿ

ಹೋದ ತಿಂಗಳು ಗದಗಿನ ಮೌಶಿ ನಮ್ಮನಿಗೆ ಬಂದಿದ್ರು. ಚಾ ಕುಡಿತಾ ನನ್ನ ಲ್ಯಾಪ್‌ಟಾಪಿನ್ಯಾಗ ಹಣಿಕಿ ಹಾಕಿ, "ಏನವಾ ಇದು? ಮುಂಜಾನಿಂದ ನೋಡ್ಲಿಕತ್ತೀನಿ, ಚೀಟಿ ಈ ಕಡಿಂದ ಆ ಕಡಿ ಸರಸ್ಕೋತ ಕೂತಿ. ಇದಕ್ಕ ಪಗಾರ ಕೊಡ್ತಾರ?" ಅಂದ್ರು. ನಕ್ಕೆ. ಆದ್ರ ಮೌಶಿ ಹೇಳಿದ್ದು ತಪ್ಪಲ್ಲ, ನನ್ನ ಕೆಲಸದ ಅರ್ಧಾ ಅದೇ. ಆ ಚೀಟಿ ಎಷ್ಟು ಸಲ ಹಿಂದಕ್ಕ ಬರ್ತಾವ ಅಂತ ಎಣಸಲಿಕ್ಕೆ ಹೋಗಿ ನಾ ಒಂದು ಹುಡುಗಿಗೆ ತ್ರಾಸ ಕೊಟ್ಟೀನಿ. ಮೌಶಿಗೆ ಅದನ್ನ ಹೇಳಲಿಲ್ಲ. ಇಲ್ಲಿ ಬರಿತೀನಿ.

ನಾ ಟೆಸ್ಟರ್. ಅಂದ್ರ ಬ್ಯಾರೆಯವರು ಮಾಡಿದ ಅಡಗಿ ರುಚಿ ನೋಡಿ ಉಪ್ಪು ಕಮ್ಮಿ ಆಗೇದ ಅಂತ ಹೇಳಾಕಿ. ಕಂಪನಿ ಬೆಂಗಳೂರಾಗ ಅದ, ನಾ ಧಾರವಾಡದಾಗ ಮನ್ಯಾಗ ಕೂತು ಮಾಡ್ತೀನಿ. ದವಾಖಾನಿಗೆ ನಂಬರ್ ಹಚ್ಚೋ ಆ್ಯಪ್ ನಮ್ಮದು. ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ, ಅದನ್ನ ಟಿಕೆಟ್ ಅಂತೀವಿ. ಬೋರ್ಡಿನ ಮ್ಯಾಲೆ ಐದು ಕಂಬ: ಮಾಡಬೇಕಾದದ್ದು, ಮಾಡ್ಲಿಕತ್ತಿದ್ದು, ರಿವ್ಯೂ, ಟೆಸ್ಟಿಂಗ್, ಮುಗದದ್ದು. ಜಪಾನಿನ ಟೊಯೋಟಾ ಕಾರ್ಖಾನ್ಯಾಗ ಹಿಂಗ ಕಾರ್ಡ್ ಇಟ್ಟು ಕೆಲಸ ನಡಸ್ತಿದ್ರು, ಅದಕ್ಕ ಕಾನ್‌ಬಾನ್ ಅಂತ ಹೆಸರು. ಅಲ್ಲಿಂದ ಸಾಫ್ಟ್‌ವೇರಿನವರು ಎತ್ಕೊಂಡಾರ. ನಾವು ವಾಪರಸೋ ಸಾಮಾನಿನ ಹೆಸರು ಜೀರಾ. ಅಡಗಿಮನಿ ಜೀರಿಗಿಗೂ ಅದಕ್ಕೂ ಸಂಬಂಧ ಇಲ್ಲ. ಗೊಡ್ಜಿಲ್ಲಾ ಅನ್ನೋ ರಾಕ್ಷಸ ಪ್ರಾಣಿಗೆ ಜಪಾನಿನಾಗ ಗೊಜೀರಾ ಅಂತಾರ, ಅದರ ಬಾಲ ಹಿಡಕೊಂಡು ಇಟ್ಟ ಹೆಸರು. ನಮ್ಮತ್ತಿಯವರಿಗೆ ಇದನ್ನ ಹೇಳಿದಾಗ "ಹೆಸರಿಗೆ ತಕ್ಕಂಗ ನಿನ್ನ ತಿನ್ನಲಿಕತ್ತದ ನೋಡು" ಅಂದ್ರು.

ಚೀಟಿ ಎಡದಿಂದ ಬಲಕ್ಕ ಹೋಗಬೇಕು. ನಾ ನೋಡಿ ತಪ್ಪು ಸಿಕ್ಕ್ರ ಟೆಸ್ಟಿಂಗ್ ಕಂಬದಿಂದ ಹಿಂದಕ್ಕ ತಳ್ಳತೀನಿ. ಡೆವಲಪರ್ ರಿಪೇರಿ ಮಾಡಿ ಮತ್ತ ಕಳಸ್ತಾರ. ಒಮ್ಮೆ ಬಂದ್ರ ಯಾರೂ ಏನೂ ಅನ್ನೂದಿಲ್ಲ. ಆದ್ರ ಕೆಲವು ಚೀಟಿ ನಾಕು, ಐದು, ಆರು ಸಲ ಓಡ್ಯಾಡತಾವ. ಅಷ್ಟರಾಗ ಮಾಡಾವ್ರು ಬ್ಯಾರೆ ಕೆಲಸದಾಗ ಇರ್ತಾರ, ಅದನ್ನ ಬಿಟ್ಟು ಹಳೇದನ್ನ ನೆನಪು ಮಾಡ್ಕೋಬೇಕು. ಒಲಿ ಮ್ಯಾಲೆ ಒಗ್ಗರಣಿ ಇಟ್ಟಾಗ ಬಾಗಲಾ ಬಡದಂಗ.

ಇದಕ್ಕೊಂದು ಲೆಕ್ಕ ಇಡಬೇಕು ಅಂತ ನನಗೇ ತಲ್ಯಾಗ ಬಂತು. ಯಾರೂ ಹೇಳಿರಲಿಲ್ಲ. ಪ್ರತಿ ಚೀಟಿಯ ಹಿಸ್ಟರಿಯೊಳಗ ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಸಿದ್ರು ಅನ್ನೋದು ಇರ್ತದ, ಆದ್ರ ಅದನ್ನ ಒಂದೊಂದೇ ತಗದು ಓದಬೇಕು. ಹುಡುಕೋ ಜಾಗಾದಾಗ "ಟೆಸ್ಟಿಂಗಿನಿಂದ ಹಿಂದಕ್ಕ ಹೋದವು ಯಾವು" ಅಂತ ಕೇಳಿದ್ರ ಚೀಟಿಗಳ ಪಟ್ಟಿ ಕೊಡ್ತದ, ಎಷ್ಟು ಸಲ ಹೋದವು ಅಂತ ಹೇಳೂದಿಲ್ಲ. ಅದಕ್ಕ ಚೀಟಿಯೊಳಗ ಒಂದು ಹೊಸಾ ಖಾನೆ ಮಾಡಿ, ಹಿಂದಕ್ಕ ಸರದಾಗೊಮ್ಮೆ ಅದರಾಗ ಒಂದು ಕೂಡಸು ಅಂತ ನಿಯಮ ಬರದೆ. ಇಪ್ಪತ್ತು ನಿಮಿಷದ ಕೆಲಸ. ನಿಯಮ ಹಾಕಿದ ದಿನದಿಂದ ಮುಂದಿಂದಷ್ಟೇ ಎಣಸ್ತದ, ಹಳೇದಕ್ಕ ಸೊನ್ನಿ. ಇರ್ಲಿ ಅಂದೆ.

ಮೂರು ತಿಂಗಳಾದ ಮ್ಯಾಲೆ ಒಂದು ಚಂದದ ಕೋಷ್ಟಕ ಮಾಡಿ ಟೀಮಿಗೆ ಕಳಿಸಿದೆ. ಎಡಕ್ಕ ಹೆಸರು, ಬಲಕ್ಕ ಅಂಕಿ. ಹೆಸರು ಯಾಕ ಹಾಕಿದೆ ಅಂತ ಈಗ ಕೇಳಿದ್ರ ಹೇಳಲಿಕ್ಕೆ ಬರೂದಿಲ್ಲ. ಸಾಲು ಹೊಂದಸಲಿಕ್ಕೆ ಏನರೆ ಒಂದು ಬೇಕಿತ್ತು, ಹೆಸರು ಕೈಗೆ ಸಿಕ್ತು.

ಎಲ್ಲಾರಕಿಂತ ಮ್ಯಾಲೆ ಇದ್ದಾಕಿ ನಮ್ಮ ಟೀಮಿನ ಸಣ್ಣ ಹುಡುಗಿ, ಕಾಲೇಜು ಮುಗಿಸಿ ಬಂದು ಒಂದೂವರಿ ವರ್ಷ. 19. ಎಲ್ಲಾರಕಿಂತ ಕೆಳಗ ನಮ್ಮ ಹಿರಿಯ ಡೆವಲಪರ್, 2. ಅವರಿಗೆ ಎಲ್ಲಾರೂ ಚಪ್ಪಾಳಿ ಚಿತ್ರ ಕಳಿಸಿದ್ರು. ನಾನೂ ಕಳಿಸಿದೆ.

ಮುಂದ ಹದಿನೈದು ದಿನಕ್ಕ ಅಪ್ರೈಸಲ್ ಬಂತು. ಒಂದು ರಾತ್ರಿ ಒಂಬತ್ತೂವರಿಗೆ, ಭಾಂಡೆ ತೊಳೀಲಿಕತ್ತಾಗ, ಆ ಹುಡುಗಿ ಫೋನ್ ಬಂತು. ಮೊದಲು ಸುಮ್ನ ಇದ್ಲು. ಆಮ್ಯಾಲೆ, "ಅಕ್ಕಾ, ನನ್ನ ಕೆಲಸ ಹತ್ತೊಂಬತ್ತು ಸಲ ವಾಪಸ್ ಬಂದದಂತ. ಲಕ್ಷ್ಯ ಇಟ್ಟು ಮಾಡೂದಿಲ್ಲ ಅಂತ ಬರದಾರ. ಆ ಅಂಕಿ ನೀವೇ ಕೊಟ್ಟೀರಂತಲ್ಲ?" ಅಂದ್ಲು. ಅಳು ತಡಕೊಂಡು ಮಾತಾಡಲಿಕತ್ತಾಳ ಅಂತ ಗೊತ್ತಾತು. ನಾ ನಳಾ ಬಂದ್ ಮಾಡಿ ನಿಂತೆ. ಹೂಂ ಅನ್ನೋದು ಬಿಟ್ಟು ಬ್ಯಾರೆ ಮಾತು ಬರಲಿಲ್ಲ.

ಮರುದಿನ ಶನಿವಾರ. ಮನಿಯವರು ಮಗನ್ನ ಕರಕೊಂಡು ಹುಬ್ಬಳ್ಳಿಗೆ ಹೋಗಿದ್ರು. ನಾ ಊಟದ ಟೇಬಲ್ ಮ್ಯಾಲೆ ಲ್ಯಾಪ್‌ಟಾಪ್ ಇಟ್ಕೊಂಡು ಆಕಿಯ ಚೀಟಿಗಳ ಹಿಸ್ಟರಿ ಒಂದೊಂದಾಗಿ ತಗದೆ. ಹತ್ತೊಂಬತ್ತು ಸಲ ಹಿಂದಕ್ಕ ಬಂದದ್ದು ಯಾಕ ಅಂತ ವಹಿಯೊಳಗ ಪೆನ್ನಿನಿಂದ ಬರಕೋತ ಹೋದೆ.

ನಡುವ ನಮ್ಮತ್ತಿ ಬಂದ್ರು, ಕೈಯಾಗ ಹೊಸಾ ಬ್ಲೌಸು, ಮಾರಿ ಮ್ಯಾಲೆ ಸಿಟ್ಟು. "ಮೂರನೇ ಸಲ ತಿರುಗಿ ಒಯ್ಯಬೇಕು ಇದನ್ನ. ಆ ಟೇಲರನ ಕೈ ಹೋಗೇದ. ತೋಳು ಇನ್ನೂ ಬಿಗಿ." ಅಳತಿಗೆ ಯಾವ ಬ್ಲೌಸ್ ಕೊಟ್ಟಿದ್ರಿ ಅಂತ ಕೇಳಿದೆ. "ಅದೇ, ನಮ್ಮ ಸಣ್ಣಾಕಿ ಮದವಿದು." ಸಣ್ಣ ನಾದಿನಿ ಮದವಿ ಆಗಿ ಒಂಬತ್ತು ವರ್ಷ. ಆ ಬ್ಲೌಸು ಈಗ ಅತ್ತಿಯವರ ಮೊಳಕೈ ದಾಟೂದಿಲ್ಲ. ಹೇಳಿದ್ರ, "ಅಂವಗ ಕಣ್ಣಿಲ್ಲೇನು? ನನ್ನ ನೋಡಿದ್ರ ಗೊತ್ತಾಗೂದಿಲ್ಲ?" ಅಂತ ನನ್ನ ಮ್ಯಾಲೆ ತಿರುಗಿದ್ರು.

ಅವರು ಒಳಗ ಹೋದ ಮ್ಯಾಲೆ ವಹಿ ನೋಡಿದೆ. ಹತ್ತೊಂಬತ್ತರಾಗ ಆಕಿ ಕೋಡಿನ ತಪ್ಪು 4. ಟೆಸ್ಟಿಂಗ್ ಸರ್ವರಿನ್ಯಾಗ ಹಳೇ ಆವೃತ್ತಿ ಇತ್ತು, ಆಕಿ ಮಾಡಿದ್ದು ಇನ್ನೂ ಅಲ್ಲಿ ಬಂದೇ ಇರಲಿಲ್ಲ, ನಾ ಅದನ್ನ ನೋಡದ ಹಿಂದಕ್ಕ ತಳ್ಳಿದ್ದು 3. ಒಂದು ನಾ ಬೆರಳು ಜಾರಿ ತಪ್ಪು ಕಂಬಕ್ಕ ಸರಸಿ, ಅರ್ಧ ನಿಮಿಷದಾಗ ವಾಪಸ್ ಇಟ್ಟದ್ದು. ನಿಯಮಕ್ಕ ಅದೇನು ಗೊತ್ತು ಪಾಪ, ಒಂದು ಕೂಡಿಸಿತ್ತು. ಉಳದ 11 ಸಲ, ಏನು ಬೇಕು ಅಂತ ಚೀಟಿಯೊಳಗ ಬರದೇ ಇರಲಿಲ್ಲ.

ಅದರಾಗ ಒಂದೇ ಚೀಟಿ ಆರು ಸಲ ಬಂದಿತ್ತು. ಪೇಶಂಟ್ ನಂಬರ್ ರದ್ದು ಮಾಡಿದ್ರ ರೊಕ್ಕ ವಾಪಸ್ ಕೊಡಬೇಕು, ಇಷ್ಟೇ ಒಂದು ಸಾಲು. ಎಷ್ಟು ತಾಸು ಮೊದಲು ರದ್ದು ಮಾಡಬೇಕು? ಪೂರ್ತಿ ರೊಕ್ಕನೋ, ಕಟ್ ಮಾಡಿ ಕೊಡೋದೋ? ಡಾಕ್ಟರೇ ಬರಲಿಲ್ಲ ಅಂದ್ರ? ಆಕಿ ತನಗ ತಿಳದಂಗ ಮಾಡಿ ಕಳಸಾಕಿ, ನಾ ನನಗ ತಿಳದಂಗ ನೋಡಿ ವಾಪಸ್ ತಳ್ಳಾಕಿ, ನಡುವ ಚೀಟಿ ಬರದವರು "ಹಂಗಲ್ಲ, ಹಿಂಗ" ಅನ್ನಾವ್ರು. ಇಬ್ಬರೂ ಹಳೇ ಬ್ಲೌಸಿನ ಅಳತಿ ಹಿಡಕೊಂಡು ಜಗಳಾಡಿದಂಗ ಆಗಿತ್ತು. ಇಂಥಾ ಅರ್ಧಂಬರ್ಧ ಚೀಟಿ ಆಕಿ ಪಾಲಿಗೇ ಯಾಕ ಬರ್ತಿದ್ವು ಅಂದ್ರ, ಉಳದವರು ಬೋರ್ಡ್ ನೋಡಿ ಸ್ವಚ್ಛ ಇದ್ದದ್ದನ್ನ ಮೊದಲು ಎತ್ಕೋತಿದ್ರು. ಈಕಿ ಹೊಸಬಳು, ಒಲ್ಲೆ ಅಂತ ಅನ್ನಾಕಿ ಅಲ್ಲ.

ಇನ್ನ ಆ ಹಿರಿಯರ 2. ಅವರ ಕೆಲಸದಾಗ ತಪ್ಪು ಸಿಕ್ಕಾಗೆಲ್ಲಾ ನಾ ಏನು ಮಾಡ್ತಿದ್ದೆ ಅಂತ ನೆನಪು ಮಾಡ್ಕೊಂಡೆ. ಹಿಂದಕ್ಕ ತಳ್ಳತಿರಲಿಲ್ಲ. ಅವರಿಗೆ ಮೆಸೇಜ್ ಹಾಕಿದ್ರ "ಅಲ್ಲೇ ಇರ್ಲಿ, ಹತ್ತು ನಿಮಿಷದಾಗ ಮಾಡಿ ಕೊಡ್ತೀನಿ" ಅನ್ನಾವ್ರು. ಹಿರಿಯರು, ಮರ್ಯಾದಿ ಅಂತ ನಾ ಹೂಂ ಅನ್ನಾಕಿ. ಕೆಲಸ ತಿರುಗಿ ಹೋಗ್ತಿತ್ತು, ಚೀಟಿ ಟೆಸ್ಟಿಂಗ್ ಕಂಬದಾಗೇ ಇರ್ತಿತ್ತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಾಗ ಇಂಥಾದ್ದೇ ಮಾತು ಹೇಳ್ಯಾರ, ಅಂಕಿಯೊಂದನ್ನ ಮಂದಿಯನ್ನ ಹಿಡಿತದಾಗ ಇಡಲಿಕ್ಕೆ ವಾಪರಸಿದ್ರ ಅದು ಮೊದಲಿನಂಗ ಖರೇ ಹೇಳೂದಿಲ್ಲ ಅಂತ. ನಮ್ಮಲ್ಲೆ ಕೋಷ್ಟಕ ಹೋದ ವಾರದಿಂದ ಉಳದವರೂ "ಅಲ್ಲೇ ಇರ್ಲಿ" ಅನ್ನಲಿಕ್ಕೆ ಸುರು ಮಾಡಿದ್ರು. ಅಂಕಿ ಇಳೀಲಿಕತ್ತಿತ್ತು. ನಾ ಖುಷಿ ಪಟ್ಟಿದ್ದೆ.

ಸೋಮವಾರ ಮ್ಯಾನೇಜರಿಗೆ ಎಲ್ಲಾ ಬರದು ಕಳಿಸಿದೆ, ವಹಿಯೊಳಗಿನ ಲೆಕ್ಕದ ಸಮೇತ. ನನ್ನ 3 ಮತ್ತ ಆ ಬೆರಳು ಜಾರಿದ್ದನ್ನೂ ಮುಚ್ಚಿಡಲಿಲ್ಲ. ಫೋನ್ ಮಾಡಿದ್ರು. "ನಂಬರ್ ನೀವೇ ಕೊಟ್ಟದ್ದಲ್ಲರಿ," ಅಂದ್ರು. ಅದಕ್ಕ ಏನನ್ಲಿ? "ಲಕ್ಷ್ಯ ಇಲ್ಲ" ಅನ್ನೋ ಸಾಲು ತಗಸಿದ್ರು. ರೇಟಿಂಗ್ ಮಾತ್ರ ಮ್ಯಾಲೆ ಹೋಗಿಬಿಟ್ಟದ, ಮುಂದಿನ ಸಲ ನೋಡೋಣಂತ. ಅಂದ್ರ ಒಂದು ವರ್ಷದ ಪಗಾರದ ಏರಿಕೆ ಹೋತು. ಆ ಹುಡುಗಿ ಊರಾಗ ಅಪ್ಪನ ಸಾಲಾ ತೀರಸಲಿಕತ್ತಾಳ ಅಂತ ನನಗ ಗೊತ್ತಿತ್ತು.

ಆ ಕೋಷ್ಟಕ ತಗದೆ. ಎಣಸೋದನ್ನ ಬಿಡಲಿಲ್ಲ, ಯಾಕಂದ್ರ ಆರು ಸಲ ಬಂದ ಚೀಟಿ ಅಂಕಿ ಇಲ್ಲದಿದ್ರ ನನಗ ಕಾಣಸ್ತಿರಲಿಲ್ಲ. ಈಗ ಹೆಸರಿನ ಬದಲಿ ಎಡಕ್ಕ ಕಾರಣ ಅದ. ಚೀಟಿ ಹಿಂದಕ್ಕ ಸರಸಿದ್ರ ಒಂದು ಕಿಡಕಿ ತಕ್ಕೋತದ, ಯಾಕ ಅಂತ ಆರಿಸದ ಹೊರತು ಮುಂದ ಬಿಡೂದಿಲ್ಲ: ಕೋಡ್ ತಪ್ಪು, ಸರ್ವರ್ ಹಳೇದು, ಏನು ಬೇಕಂತ ಬರದಿಲ್ಲ, ಕೈತಪ್ಪು. ಹಿರಿಯರ ಚೀಟಿನೂ ಈಗ ಹಿಂದಕ್ಕ ತಳ್ಳತೀನಿ. ಮೊದಲನೇ ಸಲ ಅವರಿಗೆ ಸಿಟ್ಟು ಬಂತು, ಎರಡು ದಿನ ನನ್ನ ಮೆಸೇಜಿಗೆ ಬರೇ "ಓಕೆ" ಅಂತಿದ್ರು.

ಹುಡುಗಿಗೆ ಫೋನ್ ಮಾಡಿ ತಪ್ಪಾತು ಅಂದೆ. "ಪರವಾಗಿಲ್ಲ ಮೇಡಂ" ಅಂದ್ಲು. ಅಲ್ಲಿತನಕ ನಾ ಅಕ್ಕ ಇದ್ದೆ.

ಅತ್ತಿಯವರ ಬ್ಲೌಸಿಗೆ ಕಡೀಕೂ ಟೇಲರ್ ಟೇಪ್ ಹಿಡದು ಹೊಸಾ ಅಳತಿ ತಗೊಂಡ. ಬಿಚ್ಚಿ ಹೊಲಿಯೋದಕ್ಕ ಬ್ಯಾರೆ ರೊಕ್ಕ ಕೇಳ್ಯಾನ, ಅದರ ಜಗಳಾ ಇನ್ನೂ ನಡದದ. ಹೋದ ವಾರ ಬೋರ್ಡಿನ ಮ್ಯಾಲೆ ಒಂದು ಹೊಸಾ ಚೀಟಿ ಆ ಹುಡುಗಿ ಹೆಸರಿಗೆ ಬಿತ್ತು, ಮತ್ತ ಒಂದೇ ಸಾಲಿಂದು. ಆಕಿ ಅದನ್ನ ಹಿಡೀಲೇ ಇಲ್ಲ. ಕೆಳಗ ಮೂರು ಪ್ರಶ್ನಿ ಬರದು, "ಉತ್ತರ ಬಂದ ಮ್ಯಾಲೆ ಸುರು ಮಾಡ್ತೀನಿ" ಅಂತ ಬರದವರಿಗೇ ತಿರುಗಿ ಕಳಿಸಿದ್ಲು. ಅದನ್ನ ನೋಡಿ ನಾ ಒಂದು ಚಪ್ಪಾಳಿ ಚಿತ್ರ ಹಾಕಿದೆ. "ಥ್ಯಾಂಕ್ಯೂ ಮೇಡಂ" ಅಂತ ಬಂತು.